ಡಿಮೆನ್ಷಿಯಾ ಇರುವವರ ನಿದ್ದೆ: ಮಾತ್ರೆಗೆ ಮೊದಲು ಹಗಲನ್ನು ಸರಿಮಾಡಿ

ರಾತ್ರಿ ಎರಡು ಗಂಟೆಗೆ ಚಿಲಕದ ಸದ್ದಾಯಿತು. ಎದ್ದು ನೋಡಿದರೆ ಅಮ್ಮ ಬಾಗಿಲ ಹತ್ತಿರ ನಿಂತಿದ್ದರು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈಯಲ್ಲಿ ಖಾಲಿ ಚೊಂಬು. "ಹಸು ಕರೀಬೇಕು, ಹೊತ್ತಾಯ್ತು" ಅಂದರು. ನಮ್ಮ ಮನೆಯಲ್ಲಿ ಹಸು ಇದ್ದದ್ದು ಮೂವತ್ತು ವರ್ಷದ ಹಿಂದೆ.

ಮೊದಲು ನಾವೂ ನಿದ್ದೆ ಮಾತ್ರೆಗೇ ಹೋದೆವು. ಮೂರನೇ ದಿನ ಬೆಳಿಗ್ಗೆ ಅಮ್ಮ ಮಂಪರಿನಲ್ಲೇ ಬಚ್ಚಲಿಗೆ ಹೋಗಿ ಜಾರಿ ಬಿದ್ದರು. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇರುವವರಿಗೆ ನಿದ್ದೆ ಮಾತ್ರೆಯಿಂದ ಬೀಳುವ ಅಪಾಯ, ಗೊಂದಲ ಎರಡೂ ಜಾಸ್ತಿ. ಶೀತಕ್ಕೆ, ಅಲರ್ಜಿಗೆ ಅಂತ ಅಂಗಡಿಯಲ್ಲಿ ಸಿಗುವ ಮಂಪರು ಬರಿಸುವ ಮಾತ್ರೆಗಳೂ ಹಾಗೇ. ಆದರೆ ಈಗಾಗಲೇ ಮಾತ್ರೆ ನಡೆಯುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

ರಾತ್ರಿ ಹೀಗೆ ಏಳುವುದನ್ನು ಅರಳು ಮರಳು ಅಂತ ಕೈಬಿಡಬೇಡಿ. ಹಗಲು ರಾತ್ರಿಯ ಲೆಕ್ಕ ಇಡುವ ಸಣ್ಣ ಗಡಿಯಾರವೊಂದು ಮಿದುಳಿನಲ್ಲಿದೆ, ಈ ಕಾಯಿಲೆಯಲ್ಲಿ ಅದೂ ಸವೆಯುತ್ತದೆ. ಕತ್ತಲಾದಾಗ ಬರಬೇಕಾದ, ಮಲಗುವ ಹೊತ್ತಾಯಿತು ಅಂತ ಮೈಗೆ ಹೇಳುವ ಮೆಲಟೋನಿನ್ ಹಾರ್ಮೋನ್ ಕೂಡ ಕಡಿಮೆಯಾಗುತ್ತದೆ. ಒಳಗಿನ ಗಡಿಯಾರ ಹೇಳದಿದ್ದನ್ನು ಹೊರಗಿನಿಂದ ನಾವು ಹೇಳಬೇಕು, ಅದೂ ದಿನಾ ಒಂದೇ ಹೊತ್ತಿಗೆ.

ಬೆಳಿಗ್ಗೆಯಿಂದ ಶುರು ಮಾಡಿ. ರಾತ್ರಿ ಎಷ್ಟೇ ಎದ್ದಿದ್ದರೂ ಏಳಿಸುವ ಹೊತ್ತು ಬದಲಾಗಬಾರದು. ಎದ್ದ ಮೇಲೆ ಜಗಲಿಯಲ್ಲೋ ಬಾಲ್ಕನಿಯಲ್ಲೋ ಅರ್ಧ ಗಂಟೆ ಕೂರಿಸಿ. ಟ್ಯೂಬ್‌ಲೈಟಿನ ಬೆಳಕು ಕೆಲವು ನೂರು ಲಕ್ಸ್ (ಬೆಳಕಿನ ಅಳತೆ) ಅಷ್ಟೇ, ಮೋಡ ಕವಿದ ದಿನವೂ ಹೊರಗಿನ ಬೆಳಕು ಸಾವಿರ ಲಕ್ಸ್ ದಾಟುತ್ತದೆ. ಇದಕ್ಕಂತಲೇ ಮಾರುವ ಪ್ರಖರ ದೀಪದ ದುಬಾರಿ ಲೈಟ್ ಬಾಕ್ಸ್ ಕೊಳ್ಳಬೇಕಿಲ್ಲ. 2023ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 19 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ದೀಪದ ಚಿಕಿತ್ಸೆಯಿಂದ ಸ್ಪಷ್ಟ ಲಾಭ ಕಾಣಲಿಲ್ಲ. ಓಡಾಟ, ಜನರ ಜೊತೆಗಿನ ಚಟುವಟಿಕೆ, ನೋಡಿಕೊಳ್ಳುವವರಿಗೆ ಕೊಟ್ಟ ತರಬೇತಿ, ಇವುಗಳಿಂದ ಸ್ವಲ್ಪ ಸಹಾಯ ಆಗಬಹುದು ಅಂತ ಕಂಡಿತು.

ಆ "ಸ್ವಲ್ಪ" ನಮ್ಮಂಥವರಿಗೆ ಎಷ್ಟು ದೊಡ್ಡದು ಅಲ್ವಾ! ಹಾಗಾಗಿ ಸುಮ್ನೆ ಟಿವಿ ಮುಂದೆ ಕೂರಿಸಬೇಡಿ, ಅಲ್ಲೇ ತೂಕಡಿಸುತ್ತಾರೆ. ಕೈಗೆ ಗೊತ್ತಿರುವ ಕೆಲಸ ಕೊಡಿ. ನಮ್ಮ ಅಮ್ಮನಿಗೆ ನನ್ನ ಹೆಸರು ಮರೆತುಹೋಗುತ್ತದೆ, ಆದರೆ ಅವರೆಕಾಯಿ ಮುಂದಿಟ್ಟರೆ ಹೆಬ್ಬೆರಳು ತಾನಾಗಿಯೇ ಸಿಪ್ಪೆ ಸೀಳುತ್ತದೆ, ಹುಳುಕಿನ ಕಾಳು ಕಂಡರೆ ಬೇರೆ ಇಡುತ್ತಾರೆ. ಸಂಜೆ ಬೆಳಕಿರುವಾಗಲೇ ಅರ್ಧ ಗಂಟೆ ನಡೆಸಿ. ಮಧ್ಯಾಹ್ನದ ನಿದ್ದೆ ಮೂರು ಗಂಟೆಯೊಳಗೆ, ಅರ್ಧ ಗಂಟೆ ಸಾಕು.

ಕಾಫಿ ವಿಷಯ ನಮ್ಮಲ್ಲಿ ಕಷ್ಟದ್ದು. ಕುಡಿದ ಕಾಫಿಯ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು, ಅಂದರೆ ಸಂಜೆಯ ಲೋಟ ರಾತ್ರಿಯವರೆಗೂ ಕೆಲಸ ಮಾಡುತ್ತಿರುತ್ತದೆ. ನಾವು ಅದೇ ಲೋಟದಲ್ಲಿ ಬಿಸಿ ಹಾಲು ಕೊಟ್ಟೆವು, ಎರಡು ದಿನ ಮುಖ ಸಿಂಡರಿಸಿದರು, ಆಮೇಲೆ ಒಪ್ಪಿಕೊಂಡರು.

ಮುಸ್ಸಂಜೆಗೆ ಚಡಪಡಿಕೆ ಜಾಸ್ತಿಯಾಗುತ್ತದೆ, "ಮನೆಗೆ ಹೋಗೋಣ" ಅನ್ನುತ್ತಾರೆ. ಕತ್ತಲಾಗುವ ಮೊದಲೇ ದೀಪ ಹಾಕಿ, ಮೂಲೆಯ ನೆರಳು ಅವರಿಗೆ ಯಾರೋ ನಿಂತಂತೆ ಕಾಣಬಹುದು. ಟಿವಿ ಸದ್ದು ಇಳಿಸಿ. ಊಟ ಬೇಗ ಮುಗಿಯಲಿ. ನೀರನ್ನು ಹಗಲೇ ಚೆನ್ನಾಗಿ ಕುಡಿಸಿ, ರಾತ್ರಿಗೆ ಕಡಿಮೆ ಮಾಡಿ. ಬಚ್ಚಲಿನ ದಾರಿಯಲ್ಲಿ ಸಣ್ಣ ದೀಪ ಉರಿಯುತ್ತಿರಲಿ.

ಇಷ್ಟೆಲ್ಲಾ ಮಾಡಿಯೂ ಏಳುತ್ತಿದ್ದರೆ ಮೈಯಲ್ಲಿ ಏನೋ ತೊಂದರೆ ಇದೆಯಾ ನೋಡಿ. ಅವರು ಬಾಯಿಬಿಟ್ಟು ಹೇಳಲಾರರು. ಮಂಡಿ ನೋವು, ಮಲಬದ್ಧತೆ, ಉರಿಮೂತ್ರ, ಜೋರು ಗೊರಕೆಯ ನಡುವೆ ಉಸಿರು ನಿಲ್ಲುವುದು, ಕಬ್ಬಿಣದ ಅಂಶ ಕಡಿಮೆಯಾಗಿ ಕಾಲು ಆಡಿಸುತ್ತಲೇ ಇರಬೇಕು ಅನ್ನಿಸುವುದು, ಎಲ್ಲವೂ ನಿದ್ದೆ ಕೆಡಿಸುತ್ತವೆ. ಒಂದೆರಡು ದಿನದಲ್ಲಿ ದಿಢೀರ್ ಗೊಂದಲ ಜಾಸ್ತಿಯಾದರೆ ಕಾಯಬೇಡಿ, ತೋರಿಸಿ, ಮೂತ್ರದ ಸೋಂಕಿರಬಹುದು. ಮರೆವಿಗೆ ಕೊಡುವ ಡೊನೆಪೆಜಿಲ್ ಮಾತ್ರೆ ರಾತ್ರಿ ತೆಗೆದುಕೊಂಡರೆ ಕೆಲವರಿಗೆ ವಿಪರೀತ ಕನಸು ಬೀಳುತ್ತದೆ, ಬೆಳಿಗ್ಗೆ ಕೊಡಬಹುದೇ ಅಂತ ಡಾಕ್ಟರನ್ನು ಕೇಳಿ.

ಮತ್ತೆ ಆ ರಾತ್ರಿಯ ಮಾತಿಗೆ ಬರುತ್ತೇನೆ. "ಹಸು ಎಲ್ಲಿದೆ ಅಮ್ಮಾ, ನಿಂಗೇನಾಗಿದೆ" ಅಂತ ನಾನು ಕೂಗಿದ್ದೆ. ಅವರು ಅತ್ತರು, ಬೆಳಗಿನವರೆಗೆ ಇಬ್ಬರಿಗೂ ನಿದ್ದೆಯಿಲ್ಲ. ಈಗ ವಾದ ಮಾಡುವುದಿಲ್ಲ. ದೊಡ್ಡ ದೀಪ ಹಾಕುವುದಿಲ್ಲ. ಮೊದಲು ಬಚ್ಚಲಿಗೆ ಕರೆದುಕೊಂಡು ಹೋಗುತ್ತೇನೆ, ಆಮೇಲೆ ಕೈ ಹಿಡಿದು "ಕರೆದಾಯ್ತು ಅಮ್ಮ, ಹಾಲು ಒಲೆ ಮೇಲಿದೆ" ಅನ್ನುತ್ತೇನೆ. ಚೊಂಬು ಕೆಳಗಿಟ್ಟು ಬಂದು ಮಲಗುತ್ತಾರೆ, ಎಲ್ಲ ರಾತ್ರಿ ಅಲ್ಲ, ಆದರೆ ಬಹಳಷ್ಟು ರಾತ್ರಿ.

ನಿಮಗೂ ನಿದ್ದೆ ಬೇಕು. ಮನೆಯವರ ಜೊತೆ ಕೂತು ಪಾಳಿ ಹಂಚಿಕೊಳ್ಳಿ, ವಾರಕ್ಕೆ ಎರಡು ರಾತ್ರಿಯಾದರೂ ನೀವು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿ. ಕೇಳಲು ಯಾರೂ ಇಲ್ಲದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಹಗಲು ಹೊತ್ತು ಕರೆ ಮಾಡಿ, ಮನಸ್ಸು ತೀರಾ ಕುಗ್ಗಿದರೆ ಟೆಲಿ ಮಾನಸ್ 14416 ರಾತ್ರಿಯೂ ಇರುತ್ತದೆ.