ಬೇರಿಯಾಟ್ರಿಕ್ ಸರ್ಜರಿ ಆದವರ ಹಲ್ಲು: ನಾನು ನೋಡಿಕೊಳ್ಳುವ ಕ್ರಮ

ತೂಕ ಇಳಿಸುವ ಸರ್ಜರಿ ಮಾಡಿಸಿಕೊಂಡವರು ಹಲ್ಲು ಜುಮ್ಮೆನ್ನುತ್ತದೆ ಎಂದು ಬಂದರೆ, ಮೊದಲು ಅವರ ಡಯೆಟ್ ಚೀಟಿಯನ್ನೂ ಮಾತ್ರೆ ಚೀಟಿಯನ್ನೂ ಕೇಳಿ ಇಸಿದುಕೊಳ್ಳುತ್ತೇನೆ. ಕನ್ನಡಿ, ಪ್ರೋಬು ಆಮೇಲೆ. ಹೊಸ ಹೊಟ್ಟೆಯನ್ನು ಕಾಪಾಡಲು ಬರೆದ ಆ ಚೀಟಿಯಲ್ಲೇ ಹಲ್ಲಿನ ತೊಂದರೆಯ ಅರ್ಧ ಕಾರಣ ಸಿಗುತ್ತದೆ.

ಲೆಕ್ಕ ಹೀಗಿದೆ. ಬಾಯಿಯ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 5.5ಕ್ಕಿಂತ ಇಳಿದರೆ ಹಲ್ಲಿನ ಮೇಲ್ಪದರವಾದ ಎನಾಮೆಲ್ ಕರಗಲು ಶುರು. ಒಸಡು ಕೆಳಗಿಳಿದು ಬೇರು ಕಾಣುತ್ತಿದ್ದರೆ ಅಷ್ಟು ಇಳಿಯುವುದೂ ಬೇಡ, 6.5ರ ಆಸುಪಾಸಿನಲ್ಲೇ ಬೇರು ಕರಗತೊಡಗುತ್ತದೆ. ಸಿಹಿ ಅಥವಾ ಹುಳಿ ಏನೇ ಬಾಯಿಗೆ ಬಿದ್ದರೂ ಜೊಲ್ಲು ಅದನ್ನು ಸರಿಪಡಿಸಲು ಅರ್ಧ ಗಂಟೆ, ಮುಕ್ಕಾಲು ಗಂಟೆ ಬೇಕು. ದಿನಕ್ಕೆ ಮೂರು ಹೊತ್ತು ಉಣ್ಣುವವರಿಗೆ ನಡುವೆ ಬಿಡುವು ಸಿಗುತ್ತದೆ. ಸರ್ಜರಿ ಆದವರು ಆರರಿಂದ ಎಂಟು ಸಲ ಸ್ವಲ್ಪಸ್ವಲ್ಪ ತಿನ್ನುತ್ತಾರೆ, ನಡುವೆ ನಿಂಬೆನೀರನ್ನೋ ತಿಳಿಸಾರನ್ನೋ ಬೆಲ್ಲ ಹಾಕಿದ ರಾಗಿ ಮಾಲ್ಟನ್ನೋ ಗಂಟೆಗಟ್ಟಲೆ ಗುಟುಕರಿಸುತ್ತಿರುತ್ತಾರೆ. ಹಲ್ಲಿಗೆ ಬಿಡುವೇ ಇಲ್ಲ. ಊಟದ ಹಿಂದೆಮುಂದೆ ಅರ್ಧ ಗಂಟೆ ನೀರು ಕುಡಿಯುವಂತಿಲ್ಲವಾದ್ದರಿಂದ ಬಾಯಿ ಒಣಗಿ ಜೊಲ್ಲೂ ಕಡಿಮೆ.

ಎಷ್ಟು ಸಲ ತಿನ್ನಬೇಕು ಎಂಬುದಕ್ಕೆ ನಾನು ಕೈ ಹಾಕುವುದಿಲ್ಲ, ಅದು ಸರ್ಜನ್ ಮತ್ತು ಡಯೆಟಿಷಿಯನ್ ಕೆಲಸ. ನಾನು ಬದಲಿಸುವುದು ಯಾವುದು ಯಾವಾಗ ಎಂಬುದನ್ನು ಮಾತ್ರ. ಹುಳಿ, ಸಿಹಿ ತಿನಿಸೆಲ್ಲ ಊಟದ ಹೊತ್ತಿಗೇ ಮುಗಿಯಬೇಕು, ನಡುವೆ ಕುಡಿಯುವುದು ಬರೀ ನೀರು. ಮೊದಲ ಒಂದೆರಡು ತಿಂಗಳು ಇದು ನಡೆಯುವುದಿಲ್ಲ, ಎಲ್ಲವನ್ನೂ ಗುಟುಕು ಗುಟುಕಾಗಿಯೇ ಕುಡಿಯಬೇಕು. ಆಗ ಪ್ರತಿ ಸಲ ಮುಗಿದ ಮೇಲೆ ನೀರಿನಲ್ಲಿ ಬಾಯಿ ಮುಕ್ಕಳಿಸಿ ಉಗಿಯಲು ಹೇಳುತ್ತೇನೆ. ‘ಊಟ ಆದ ಮೇಲೆ ನೀರು ಬೇಡ ಅಂದಿದ್ದಾರಲ್ಲ ಡಾಕ್ಟ್ರೇ’ ಎನ್ನುವವರೇ ಹೆಚ್ಚು. ಬೇಡ ಅಂದಿರುವುದು ಕುಡಿಯುವುದನ್ನು, ಮುಕ್ಕಳಿಸುವುದನ್ನಲ್ಲ.

ಮಾತ್ರೆ ಚೀಟಿಯಲ್ಲಿ ನಾನು ಹುಡುಕುವುದು ಜಗಿಯುವ ಮಾತ್ರೆಗಳನ್ನು. ಕ್ಯಾಲ್ಸಿಯಂ ದಿನಕ್ಕೆ 1200ರಿಂದ 1500 ಮಿಲಿಗ್ರಾಂ, ಒಂದು ಸಲಕ್ಕೆ 500ರಂತೆ ಹಂಚಿ ಕೊಟ್ಟಿರುತ್ತಾರೆ. ಜಗಿಯುವ ಮಾತ್ರೆಯಾದರೆ ಮೂರು ಹೊತ್ತೂ ಹಲ್ಲಿನ ಸಂದಿಯಲ್ಲಿ ಸಕ್ಕರೆ, ಸಿಟ್ರಿಕ್ ಆಮ್ಲ. ಹಲ್ಲಿಗಂಟುವ ವಿಟಮಿನ್ ಗಮ್ಮಿ ಇನ್ನೂ ಕೆಟ್ಟದ್ದು. ನುಂಗುವ ಮಾತ್ರೆಗೆ ಬದಲಾಯಿಸಬಹುದೇ ಎಂದು ಸರ್ಜನ್‌ಗೆ ಒಂದು ಸಾಲು ಬರೆದು ಕಳಿಸುತ್ತೇನೆ. ಕೆಲವು ತಿಂಗಳು ಕಳೆದ ಮೇಲೆ ಸಾಮಾನ್ಯವಾಗಿ ಒಪ್ಪುತ್ತಾರೆ. ಕಬ್ಬಿಣದ ಸಿರಪ್ಪಿನಿಂದ ಹಲ್ಲು ಕಪ್ಪಾದರೆ ಗಾಬರಿ ಬೇಡ, ಅದು ಮೇಲಿನ ಕಲೆ, ಪಾಲಿಶ್‌ಗೆ ಹೋಗುತ್ತದೆ. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ಎರಡು ಗಂಟೆ ಅಂತರ ಇರಲಿ. ನಾಲಿಗೆ ಉರಿ, ಬಾಯಿಯ ಮೂಲೆ ಒಡೆಯುವುದು ಕಂಡರೆ ಮುಲಾಮು ಬರೆಯುವ ಮುಂಚೆ ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು), ವಿಟಮಿನ್ ಬಿ12 ನೋಡಿಸುತ್ತೇನೆ.

ಇನ್ನು ವಾಂತಿ. ಹೊಟ್ಟೆಯ ಆಮ್ಲದ ಪಿಎಚ್ 1ರಿಂದ 3. ವಾಂತಿಯಾದ ತಕ್ಷಣ ಬ್ರಷ್ ಹಿಡಿದರೆ ಮೆತ್ತಗಾದ ಎನಾಮೆಲ್ಲನ್ನು ಉಜ್ಜಿ ತೆಗೆದಂತೆ. 250 ಮಿ.ಲೀ. ನೀರಿಗೆ ಒಂದು ಟೀ ಚಮಚ ಅಡುಗೆ ಸೋಡ ಕದಡಿ ಮುಕ್ಕಳಿಸಿ ಉಗಿಯಬೇಕು, ನುಂಗಬಾರದು. ಬ್ರಷ್ ಒಂದು ಗಂಟೆ ಬಿಟ್ಟು. ವಾಂತಿ ಯಾಕೆ ಎಂಬುದನ್ನೂ ಕೇಳುತ್ತೇನೆ. ದವಡೆ ಹಲ್ಲು ಇಲ್ಲದವರು ಸರಿಯಾಗಿ ಅಗಿಯದೆ ನುಂಗಿದ್ದು ವಾಪಸ್ ಬರುವುದುಂಟು, ಅದನ್ನು ನಾನು ಸರಿಪಡಿಸಬಲ್ಲೆ. ದಿನಾ ವಾಂತಿ, ವಾರಗಟ್ಟಲೆ ವಾಂತಿ ಎಂದರೆ ಅವತ್ತೇ ಸರ್ಜನ್ ಹತ್ತಿರ ಕಳಿಸುತ್ತೇನೆ. ಆಹಾರ ಇಳಿಯುವ ದಾರಿ ಕಿರಿದಾಗಿರಬಹುದು, ವಾಂತಿಯಿಂದ ಥಯಾಮಿನ್ (ವಿಟಮಿನ್ ಬಿ1) ಕೊರತೆಯಾದರೆ ಮಿದುಳಿಗೇ ಪೆಟ್ಟು.

ಸ್ಲೀವ್ (ಹೊಟ್ಟೆಯ ಬಹುಪಾಲು ಕತ್ತರಿಸಿ ಕೊಳವೆಯಂತೆ ಉಳಿಸುವ ಸರ್ಜರಿ) ಆದವರಲ್ಲಿ ವಾಂತಿ ಇಲ್ಲದೆಯೂ ಹುಳಿತೇಗು, ರಾತ್ರಿ ಎದೆಯುರಿ ಬರಬಹುದು. ಬೈಪಾಸ್‌ನಲ್ಲಿ (ಹೃದಯದ್ದಲ್ಲ, ಹೊಟ್ಟೆಯನ್ನು ಚಿಕ್ಕ ಚೀಲವಾಗಿಸಿ ಕರುಳಿಗೆ ಜೋಡಿಸುವುದು) ಇದು ಕಡಿಮೆ. ಗಾಳಿ ಊದಿ ಒಣಗಿಸಿ ಮೇಲಿನ ಮುಂಬಲ್ಲುಗಳ ಒಳಬದಿಯನ್ನು ನೋಡಿ: ಗಾಜಿನಂತೆ ನುಣುಪು, ಕೊಂಚ ಹಳದಿ ಇದ್ದರೆ ಆಮ್ಲದ ಸವೆತ. ದವಡೆಯಲ್ಲಿ ಹಳೆಯ ಬೆಳ್ಳಿ ಫಿಲ್ಲಿಂಗ್ ಸುತ್ತಲಿನ ಹಲ್ಲಿಗಿಂತ ಎತ್ತರ ನಿಂತಿದ್ದರೆ ಹಲ್ಲೇ ಸವೆದು ತಗ್ಗಾಗಿದೆ ಎಂದರ್ಥ. ಆರು ತಿಂಗಳಿಗೊಮ್ಮೆ ಫೋಟೋ ತೆಗೆದು ಹೋಲಿಸುತ್ತೇನೆ. ಆಮ್ಲ ಹತೋಟಿಗೆ ಬರುವವರೆಗೆ ಸೆರಾಮಿಕ್ ಕ್ಯಾಪ್ ಹಾಕುವುದಿಲ್ಲ. ಹಾಕಿದರೆ ಕ್ಯಾಪ್ ಗಟ್ಟಿಯಾಗಿಯೇ ಇರುತ್ತದೆ, ಅಂಚಿನಲ್ಲಿ ಹಲ್ಲು ಕರಗಿ ಒಳಗೆ ಹುಳುಕು ಹತ್ತುತ್ತದೆ. ಅಲ್ಲಿಯವರೆಗೆ ಗ್ಲಾಸ್ ಅಯೊನೊಮರ್ ಸಿಮೆಂಟ್ ಎಂಬ ಫಿಲ್ಲಿಂಗ್ ಸಾಕು.

ನಮ್ಮಲ್ಲಿ ಟೂತ್‌ಪೇಸ್ಟ್‌ನ ಫ್ಲೋರೈಡ್‌ಗೆ 1000 ಪಿಪಿಎಂ (ಹತ್ತು ಲಕ್ಷದಲ್ಲಿ ಸಾವಿರ ಭಾಗ) ಮಿತಿ ಇದೆ, ಇವರಿಗೆ ಅದೊಂದೇ ಸಾಲದು. ಮೂರು ತಿಂಗಳಿಗೊಮ್ಮೆ ಶೇ. 5ರ ಸೋಡಿಯಂ ಫ್ಲೋರೈಡ್ ವಾರ್ನಿಶ್ ಹಚ್ಚುತ್ತೇನೆ, ಮನೆಯಲ್ಲಿ ದಿನಕ್ಕೊಮ್ಮೆ ಶೇ. 0.05ರ ಸೋಡಿಯಂ ಫ್ಲೋರೈಡ್ ಮೌತ್‌ವಾಶ್. ರಾತ್ರಿ ಬ್ರಷ್ ಮಾಡಿ ನೊರೆ ಉಗಿದ ಮೇಲೆ ನೀರು ಹಾಕಿ ತೊಳೆಯಬಾರದು. ಕೋಲಾರ, ಪಾವಗಡ, ಮುಂಡರಗಿ ಕಡೆಯವರು ‘ನಮ್ಮ ನೀರಲ್ಲೇ ಫ್ಲೋರೈಡ್ ಜಾಸ್ತಿ, ಮತ್ತೆ ಯಾಕೆ?’ ಎನ್ನುತ್ತಾರೆ. ಹಲ್ಲಿನ ಮೇಲೆ ಹಚ್ಚುವುದಕ್ಕೂ ಬಾಲ್ಯದಲ್ಲಿ ಕುಡಿದು ಕಲೆಯಾಗುವುದಕ್ಕೂ ಸಂಬಂಧವಿಲ್ಲ. ಉಮಿಕರಿ, ಇದ್ದಿಲ ಪುಡಿ, ಉಪ್ಪು ಹಾಕಿ ಉಜ್ಜುವುದು ಬಂದ್. ಬಾಯಿ ಒಣಗುತ್ತದೆಂದು ಚೂಯಿಂಗ್ ಗಮ್ಮೂ ಬೇಡ, ನುಂಗಿಬಿಟ್ಟರೆ ಕಿರಿದಾದ ದಾರಿಯಲ್ಲಿ ಸಿಕ್ಕಿಕೊಳ್ಳಬಹುದು.

ದಂತವೈದ್ಯರು ಎಡವುವುದು ನೋವಿನ ಮಾತ್ರೆಯಲ್ಲಿ. ಹಲ್ಲು ಕಿತ್ತ ಮೇಲೆ ಕೈ ತಾನಾಗಿ ಐಬುಪ್ರೊಫೆನ್, ಡೈಕ್ಲೊಫೆನಾಕ್, ಕೆಟೊರೊಲ್ಯಾಕ್ ಬರೆಯುತ್ತದೆ. ಬೈಪಾಸ್ ಆದವರಿಗೆ ಇವು ಜೋಡಣೆಯ ಜಾಗದಲ್ಲಿ ಹುಣ್ಣು ಮಾಡಬಲ್ಲವು, ಹುಣ್ಣು ತೂತೂ ಆಗಬಹುದು. ಸ್ಲೀವ್ ಆದವರಿಗೂ ಸರ್ಜನ್‌ರನ್ನು ಕೇಳದೆ ಬರೆಯುವುದಿಲ್ಲ. ಪ್ಯಾರಸಿಟಮಾಲ್ 500 ಅಥವಾ 650, ಆರು ಗಂಟೆಗೊಂದು. ಐಬುಪ್ರೊಫೆನ್ ಜಾತಿಯ ಮಾತ್ರೆ ಬೇಡ ಎಂದು ಫೈಲಿನ ಮೇಲೆ ಕೆಂಪು ಇಂಕಿನಲ್ಲಿ ಬರೆದಿಡುತ್ತೇನೆ. ಮೆಡಿಕಲ್ ಶಾಪಿನಲ್ಲಿ ‘ಹಲ್ಲುನೋವಿಗೆ ಒಂದು ಮಾತ್ರೆ ಕೊಡಿ’ ಎಂದು ಕೇಳಬೇಡಿ ಎಂದು ಮನೆಯವರಿಗೂ ಹೇಳುತ್ತೇನೆ, ಅಲ್ಲಿ ಕೊಡುವುದು ಹೆಚ್ಚಾಗಿ ಆ ಜಾತಿಯ ಮಾತ್ರೆಯನ್ನೇ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗಳನ್ನೂ ಬರೆಯುವುದಿಲ್ಲ, ಬೈಪಾಸ್ ಆದ ಕರುಳಿನಲ್ಲಿ ಪೂರ್ತಿ ಹೀರದೆ ಹೋಗಬಹುದು.

ಕುರ್ಚಿಯನ್ನು ಪೂರ್ತಿ ಮಲಗಿಸದೆ 45 ಡಿಗ್ರಿಯಲ್ಲಿ ಕೂರಿಸಿ, ಒಂದು ಸಲಕ್ಕೆ 30–40 ನಿಮಿಷ ಕೆಲಸ. ಮರಗಟ್ಟಿಸುವ ಇಂಜೆಕ್ಷನ್ನಿನ ಗರಿಷ್ಠ ಪ್ರಮಾಣಕ್ಕೆ ಇವತ್ತಿನ ತೂಕ ಹಾಕಬೇಕು. ಹಳೆಯ ಫೈಲಿನ 120 ಕೆ.ಜಿ. ಈಗ 80 ಆಗಿರುತ್ತದೆ. ಬಿಪಿ, ಸಕ್ಕರೆ ಮಾತ್ರೆಗಳೂ ಬದಲಾಗಿರುತ್ತವೆ. ಊಟವಾಗಿ ಒಂದರಿಂದ ಮೂರು ಗಂಟೆಯೊಳಗೆ ಬೆವರು, ನಡುಕ ಬಂದರೆ ಹೆದರಿಕೆ ಎಂದುಕೊಳ್ಳದೆ ಗ್ಲುಕೋಮೀಟರ್ ತೆಗೆಯಿರಿ, ರಕ್ತದ ಸಕ್ಕರೆ ಇಳಿದಿರಬಹುದು.

ಸರ್ಜರಿಗೆ ಆರು ವಾರ ಮೊದಲೇ ಬಂದರೆ ಅರ್ಧ ಕೆಲಸ ಹಗುರ: ಕೀವಿರುವ ಹಲ್ಲು, ಕ್ಲೀನಿಂಗ್, ಅಗಿಯಲು ಬೇಕಾದ ದವಡೆ ಹಲ್ಲು. ಆದ ಮೇಲೆ ಇಂಪ್ಲಾಂಟ್‌ನಂಥ (ದವಡೆಯ ಮೂಳೆಗೆ ಕೂರಿಸುವ ಕೃತಕ ಹಲ್ಲು) ಕೆಲಸವನ್ನು ತೂಕವೂ ವಿಟಮಿನ್ ಡಿಯೂ ಒಂದು ಮಟ್ಟಕ್ಕೆ ನಿಲ್ಲುವವರೆಗೆ ಮುಂದೂಡುತ್ತೇನೆ. ಕೆಲವು ವರ್ಷ ಕಳೆದು ಮೂಳೆ ಸವೆತಕ್ಕೆ ಜೊಲೆಡ್ರೊನಿಕ್ ಆಸಿಡ್ ಡ್ರಿಪ್ ಹಾಕಿಸಲು ಹೇಳಿದರೆ, ಹಾಕಿಸುವ ಮೊದಲೇ ಕೀಳಬೇಕಾದ ಹಲ್ಲನ್ನು ಕೀಳಿಸಿಕೊಂಡುಬಿಡಿ. ಆಮೇಲೆ ಕಿತ್ತರೆ ದವಡೆಯ ಮೂಳೆ ಮಾಯದೆ ಉಳಿಯಬಹುದು.