ಟಿ ಕಣಗಳು ಸ್ಪಂದಿಸದಿದ್ದಾಗ ಎಲ್ಲಿ ಹುಡುಕಬೇಕು

ರಕ್ತದಿಂದ ಬೇರ್ಪಡಿಸಿ ಲ್ಯಾಬಿನಲ್ಲಿ ಸಾಕಿದ ಟಿ ಕಣಗಳು (ರೋಗ ಎದುರಿಸುವ ಒಂದು ಬಗೆಯ ಬಿಳಿ ರಕ್ತಕಣಗಳು), ಅವನ್ನು ಪ್ರಚೋದಿಸುವ ಪಿಎಚ್‌ಎ ಹಾಕಿ ಮೂರು ದಿನವಾದರೂ ಗುಂಪುಗಟ್ಟಲಿಲ್ಲವೇ? ರಕ್ತ ಕೊಟ್ಟವರ ನಿರೋಧಕ ಶಕ್ತಿಯನ್ನು ಅನುಮಾನಿಸುವ ಮೊದಲು ಕಣಗಳನ್ನು ಸಾಕಿದ ರೀತಿಯನ್ನು ನೋಡಿ.

ಸಕಲೇಶಪುರದಲ್ಲಿ ತೆಗೆದ ರಕ್ತವನ್ನು ಹಾಸನಕ್ಕೆ ಐಸ್ ಬಾಕ್ಸಿನಲ್ಲಿ ತರಬೇಡಿ. ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು) ಇರುವ ಟ್ಯೂಬ್ 18–22 ಡಿಗ್ರಿಯಲ್ಲೇ ಇರಲಿ, 8 ಗಂಟೆಯೊಳಗೆ ಕೆಲಸ ಶುರುವಾಗಲಿ. ತಣ್ಣಗಾದ ಅಥವಾ ಹಳತಾದ ರಕ್ತದಲ್ಲಿ ಗ್ರಾನ್ಯುಲೊಸೈಟ್ ಎಂಬ ಬೇರೆ ಬಿಳಿ ರಕ್ತಕಣಗಳು, ರಕ್ತವನ್ನು ತಿರುಗಿಸಿದಾಗ ಕೆಳಗಿಳಿಯದೆ, ಟಿ ಕಣಗಳಿರುವ ಬಿಳಿ ಪದರದಲ್ಲೇ ಉಳಿದು ಅವುಗಳ ಸ್ಪಂದನೆಯನ್ನು ಕುಗ್ಗಿಸುತ್ತವೆ. ರಕ್ತಕ್ಕೆ ಸಮಪಾಲು ಪಿಬಿಎಸ್ (ಫಾಸ್ಫೇಟ್ ಬೆರೆತ ಉಪ್ಪುನೀರಿನ ದ್ರಾವಣ) ಬೆರೆಸಿ, ಟ್ಯೂಬನ್ನು ಓರೆಯಾಗಿ ಹಿಡಿದು, ರಕ್ತಕಣಗಳನ್ನು ಪದರಗಳಾಗಿ ಬೇರ್ಪಡಿಸುವ 1.077 ಸಾಂದ್ರತೆಯ ಫೈಕಾಲ್ ದ್ರವದ ಮೇಲೆ ಗೋಡೆಗುಂಟ ನಿಧಾನವಾಗಿ ಇಳಿಸಿ. ಸೆಂಟ್ರಿಫ್ಯೂಜ್ ಯಂತ್ರದಲ್ಲಿ 400 ಜಿ (ಗುರುತ್ವದ 400 ಪಟ್ಟು ಬಲ), 30 ನಿಮಿಷ, ಬ್ರೇಕ್ ಆಫ್. ಬ್ರೇಕ್ ಹಾಕಿದರೆ ಪದರ ಕಲಕಿಹೋಗುತ್ತದೆ.

ಕಣ ಸಾಕುವ ಪೋಷಕ ದ್ರವ, ಅಂದರೆ ಮೀಡಿಯಂ, ಆರ್‌ಪಿಎಂಐ-1640, ಜೊತೆಗೆ ಶೇ. 10 ಸೀರಂ, 2 ಮಿಲಿಮೋಲಾರ್ ಗ್ಲುಟಮಿನ್. ಸೀರಂನಲ್ಲಿ ಎಂಡೊಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷವಸ್ತು) ಇದ್ದರೆ ಪ್ರಚೋದಕ ಏನೂ ಹಾಕದ ಬಾವಿಯಲ್ಲೂ (ಪ್ಲೇಟಿನ ಸಣ್ಣ ಗುಳಿಯಲ್ಲೂ) ಮಾನೊಸೈಟ್ ಎಂಬ ಬಿಳಿ ರಕ್ತಕಣಗಳು ಉರಿಯೂತದ ಸಂಕೇತವಾದ ಟಿಎನ್‌ಎಫ್ ಬಿಡುತ್ತವೆ. ಆದ್ದರಿಂದ ಎರಡು ಮೂರು ಲಾಟ್ (ತಯಾರಿಕೆಯ ತಂಡ) ಸೀರಂ ಪರೀಕ್ಷಿಸಿ, ಇಡೀ ಅಧ್ಯಯನಕ್ಕೆ ಸಾಕಾಗುವಷ್ಟು ಒಂದೇ ಲಾಟ್ ಕೊಳ್ಳಿ.

ಎಲ್ಲಕ್ಕಿಂತ ಹೆಚ್ಚು ಕಡೆಗಣನೆಗೆ ಒಳಗಾಗುವುದು ಕಣಗಳ ದಟ್ಟಣೆ. ಟಿ ಕಣಗಳಿಗೆ ಅಕ್ಕಪಕ್ಕದ ಸ್ಪರ್ಶ ಬೇಕು. 96 ಬಾವಿಯ ಪ್ಲೇಟಿನಲ್ಲಿ ದುಂಡು ತಳದ್ದನ್ನೇ ಆರಿಸಿ, 200 ಮೈಕ್ರೊಲೀಟರಿಗೆ 2 ಲಕ್ಷ ಕಣ ಹಾಕಿ. ಚಪ್ಪಟೆ ತಳದಲ್ಲಿ 50 ಸಾವಿರ ಹರಡಿದರೆ ಒಂದಕ್ಕೊಂದು ಸಿಗುವುದೇ ಕಷ್ಟ. 2006ರಲ್ಲಿ ಲಂಡನ್ನಿನಲ್ಲಿ ಟಿ ಕಣಗಳನ್ನು ಪ್ರಚೋದಿಸುವ ಟಿಜಿಎನ್1412 ಎಂಬ ಪ್ರತಿಕಾಯ ಪಡೆದ ಆರು ಸ್ವಯಂಸೇವಕರು ತೀವ್ರ ಅಸ್ವಸ್ಥರಾದರು; ಸಾಮಾನ್ಯ ರಕ್ತಕಣ ಕಲ್ಚರ್ ಆ ಅಪಾಯವನ್ನು ತೋರಿಸಿರಲಿಲ್ಲ. ಎಂಎಲ್‌ಗೆ 1 ಕೋಟಿಯಂತೆ ಎರಡು ದಿನ ಒತ್ತಾಗಿ ಇಟ್ಟು, ಆಮೇಲೆ 10 ಲಕ್ಷಕ್ಕೆ ಇಳಿಸಿ ಪ್ರಚೋದಿಸಿದರೆ ಅದೇ ಬಗೆಯ ಕಣಗಳು ಆ ಪ್ರತಿಕಾಯಕ್ಕೆ ಸ್ಪಂದಿಸುತ್ತವೆ ಎಂಬುದು 2011ರಲ್ಲಿ ಪ್ರಕಟವಾಯಿತು. ಅಂಗಾಂಶದಲ್ಲಿ ಸದಾ ಸಿಗುವ ಸಣ್ಣ ಸಂಕೇತ ರಕ್ತದಲ್ಲಿ ತಪ್ಪಿಹೋಗಿರುತ್ತದೆ. ದಟ್ಟಣೆ ಅದನ್ನು ಮರಳಿಸುತ್ತದೆ. ಒಬ್ಬರ ಫಲಿತಾಂಶವನ್ನು ಇನ್ನೊಬ್ಬರದಕ್ಕೆ ಹೋಲಿಸುವಾಗ ದಟ್ಟಣೆಯನ್ನು ಬರೆದಿಡದಿದ್ದರೆ ಹೋಲಿಕೆಗೆ ಅರ್ಥವೇ ಇರುವುದಿಲ್ಲ.

ಹಾಸನ, ಚಿಕ್ಕಮಗಳೂರು ಇವೆರಡೂ ಒಂದು ಸಾವಿರ ಮೀಟರ್ ಆಸುಪಾಸಿನ ಎತ್ತರದಲ್ಲಿವೆ. ಇಲ್ಲಿ ಗಾಳಿಯ ಒತ್ತಡ ಸುಮಾರು ಹತ್ತನೇ ಒಂದು ಪಾಲು ಕಡಿಮೆ, ಹಾಗಾಗಿ ಇನ್‌ಕ್ಯುಬೇಟರಿನ ಶೇ. 5 ಇಂಗಾಲದ ಡೈಆಕ್ಸೈಡ್ ಕರಾವಳಿಯ ಶೇ. 5ರಷ್ಟು ಕೆಲಸ ಮಾಡದು, ಶೇ. 5.6ರ ಹತ್ತಿರ ಬೇಕಾಗುತ್ತದೆ. ವ್ಯತ್ಯಾಸ ಸಣ್ಣದು, ಆದರೂ ಪರದೆಯ ಅಂಕಿಯೊಂದನ್ನೇ ನಂಬದೆ ಒಳಗಿಟ್ಟ ಮೀಡಿಯಂನ ಪಿಎಚ್ ಅಳೆಯಿರಿ: 7.2–7.4 ಸರಿ. ಕಿತ್ತಳೆ ಕೆಂಪು ಬಣ್ಣ ನೇರಳೆಗೆ ತಿರುಗಿದರೆ ಕ್ಷಾರ ಹೆಚ್ಚಾಗಿದೆ. ಜೂನ್‌ನಿಂದ ಮಳೆಗಾಲವಿಡೀ ಬೂಷ್ಟು ಕಾಡುತ್ತದೆ. ಇನ್‌ಕ್ಯುಬೇಟರಿನ ನೀರಿನ ಟ್ರೇಗೆ ಬೋರ್‌ವೆಲ್ ನೀರು ಬೇಡ, ಸ್ಟೆರೈಲ್ ಡಿಸ್ಟಿಲ್ಡ್ ನೀರನ್ನು ವಾರಕ್ಕೊಮ್ಮೆ ಬದಲಿಸಿ. ಕರೆಂಟ್ ಹೋದಾಗ ಬಾಗಿಲು ತೆರೆಯಬೇಡಿ.

ಫ್ರೀಜ್ ಮಾಡಿದ ಕಣಗಳಾದರೆ 37 ಡಿಗ್ರಿಯಲ್ಲಿ ಬೇಗ ಕರಗಿಸಿ, ಬೆಚ್ಚಗಿನ ಮೀಡಿಯಂ ಹನಿಹನಿಯಾಗಿ ಬೆರೆಸಿ, ತೊಳೆದು, ಒಂದು ರಾತ್ರಿ ಸುಧಾರಿಸಿಕೊಳ್ಳಲು ಬಿಡಿ. ಪ್ಲೇಟಿನ ಅಂಚಿನ ಬಾವಿಗಳಿಗೆ ಪಿಬಿಎಸ್ ಮಾತ್ರ ತುಂಬಿ, ಅಲ್ಲಿ ಮೀಡಿಯಂ ಬೇಗ ಆರುತ್ತದೆ. ಪ್ರತಿ ಪ್ಲೇಟಿನಲ್ಲೂ ಏನೂ ಹಾಕದ ಮೂರು ಬಾವಿ, ಎಂಎಲ್‌ಗೆ 5 ಮೈಕ್ರೊಗ್ರಾಂ ಪಿಎಚ್‌ಎ ಹಾಕಿದ ಮೂರು ಬಾವಿ ಇರಲೇಬೇಕು.