ಗುಡಿತೀನಿ, ಗುಡಿತೀನಿ

ಬಿಡುವಿದ್ದಾಗ ಇಂಗ್ಲಿಷ್ ಪದ್ಯಗಳನ್ನು ಕನ್ನಡಕ್ಕೆ ತರುವುದು ನನ್ನ ಅಭ್ಯಾಸ. ಅದರಲ್ಲಿ ಜಾಸ್ತಿ ಕಾಡಿದ್ದು ವಿಲಿಯಂ ಬ್ಲೇಕ್‌ನ ಎರಡು ಪದ್ಯ. ಎರಡಕ್ಕೂ ಒಂದೇ ಹೆಸರು, ‘ದಿ ಚಿಮ್ನಿ ಸ್ವೀಪರ್’. ಒಂದು 1789ರ ‘ಸಾಂಗ್ಸ್ ಆಫ್ ಇನೊಸೆನ್ಸ್’ನಲ್ಲಿದೆ. ಇನ್ನೊಂದು 1794ರಲ್ಲಿ ಅದಕ್ಕೆ ಜೋಡಿಯಾಗಿ ಬಂದ ‘ಸಾಂಗ್ಸ್ ಆಫ್ ಎಕ್ಸ್‌ಪೀರಿಯನ್ಸ್’ನಲ್ಲಿದೆ. ಲಂಡನ್ನಿನ ಮನೆಗಳ ಹೊಗೆಗೂಡಿನೊಳಗೆ ಹತ್ತಿ ಮಸಿ ಕೆರೆಯುತ್ತಿದ್ದ ಪುಟ್ಟ ಹುಡುಗರ ಪದ್ಯಗಳಿವು. 8 ವರ್ಷ ತುಂಬದವರನ್ನು ಈ ಕೆಲಸಕ್ಕೆ ಇಟ್ಟುಕೊಳ್ಳಬಾರದು ಅಂತ 1788ರಲ್ಲೇ ಕಾಯ್ದೆ ಬಂದಿತ್ತು. ಅದನ್ನು ಪಾಲಿಸಿದವರು ಕಡಿಮೆ.

ಅಮ್ಮ ಸತ್ತಾಗ ನಾನಿನ್ನೂ ಚಿಕ್ಕವನು, ನಾಲಿಗೆ ತಿರುಗುವ ಮುಂಚೆಯೇ ಅಪ್ಪ ನನ್ನನ್ನು ಮಾರಿದ ಅನ್ನುತ್ತಾನೆ ಮೊದಲ ಪದ್ಯದ ಹುಡುಗ. ಬೀದಿಯಲ್ಲಿ ‘ಸ್ವೀಪ್, ಸ್ವೀಪ್’ ಅಂತ ಕೂಗಬೇಕು. ಮಗುವಿನ ಬಾಯಲ್ಲಿ ‘ಸ’ ಹೊರಡುವುದಿಲ್ಲ, ‘ವೀಪ್, ವೀಪ್’ ಅನ್ನುತ್ತದೆ. ವೀಪ್ ಅಂದರೆ ಅಳು. ಗುಡಿಸುವುದೂ ಅಳುವುದೂ ಒಂದೇ ಕೂಗಿನಲ್ಲಿ ಸೇರಿಬಿಟ್ಟಿವೆ. ಮಗುವಿಗೆ ಅದು ಗೊತ್ತಿಲ್ಲ. ಓದುವ ನಮಗೆ ಗೊತ್ತು.

ಇದನ್ನು ಕನ್ನಡದಲ್ಲಿ ಹೇಗೆ ತರೋದು? ‘ಬಳೀತೀನಿ’ಯಲ್ಲಿ ‘ಬ’ ಬಿಟ್ಟರೆ ‘ಅಳ್ತೀನಿ’ಯ ಹತ್ತಿರ ಬರುತ್ತೆ ಅಂತ ‘ಮಸಿ ಬಳೀತೀನಿ’ ಎಂದು ಬರೆದೆ. ಆದರೆ ನಮ್ಮಲ್ಲಿ ಮಸಿ ಬಳಿಯೋದು ಅಂದರೆ ಮುಖಕ್ಕೆ ಹಚ್ಚೋದೇ ಅಲ್ವಾ? ಹೊಡೆದುಹಾಕಿದೆ. ಕೊನೆಗೆ ‘ಗುಡಿಸ್ತೀನಿ’ಯಲ್ಲಿ ‘ಸ’ ನುಂಗಿಸಿ ‘ಗುಡಿತೀನಿ, ಗುಡಿತೀನಿ’ ಮಾಡಿದೆ. ತೊದಲು ಉಳಿಯಿತು, ಅಳು ಹೋಯಿತು. ಮುಂದಿನ ಸಾಲಿನಲ್ಲಿ ಅದನ್ನು ಸೇರಿಸೋಣ ಅಂತ ಕೈ ತುಡಿಯಿತು. ಸೇರಿಸಲಿಲ್ಲ. ತಾನು ಅತ್ತೆ ಅಂತ ಆ ಹುಡುಗ ಹೇಳಿಕೊಳ್ಳುವವನಲ್ಲ.

ಇಷ್ಟು ಹುಷಾರಾಗಿದ್ದೂ ಬೇರೆ ಕಡೆ ಎಡವಿದ್ದೆ. ಮೊದಲ ಕರಡಿನಲ್ಲಿ ಅಪ್ಪನಿಗೆ ‘ಕಲ್ಲೆದೆಯ’ ಅಂತ ಒಂದು ಮಾತು ಅಂಟಿಸಿದ್ದೆ. ಅಮ್ಮನಿಗೆ ಓದಿ ಹೇಳಿದಾಗ ಅವರು, “ಅಷ್ಟು ಚಿಕ್ಕ ಮಗು ಹೀಗೆ ಮಾತಾಡುತ್ತೇನೋ? ಇದು ನೀನು ಮಾತಾಡಿದ ಹಾಗಿದೆ” ಅಂದರು. ನಿಜ. ನನ್ನ ಸಿಟ್ಟನ್ನು ಅವನ ಬಾಯಿಗೆ ತುರುಕಿದ್ದೆ. ತೆಗೆದೆ. ಲಯ ಕೂಡಲಿಲ್ಲ ಅಂತ ಬಿಟ್ಟಿದ್ದ ಒಂದು ಪದವನ್ನು ವಾಪಸ್ ತಂದೆ: “ನಿಮ್ಮ ಹೊಗೆಗೂಡು ಗುಡಿಸ್ತೀನಿ, ಮಸಿಯಲ್ಲೇ ಮಲಗ್ತೀನಿ.” ಆ ‘ನಿಮ್ಮ’ ಇಲ್ಲದಿದ್ದರೆ ಓದುವವರು ಹೊರಗೇ ಉಳಿದುಬಿಡುತ್ತಾರೆ. ಹುಡುಗ ಅದನ್ನು ಆರೋಪವಾಗಿ ಹೇಳುತ್ತಿಲ್ಲ. ಯಾರ ಮನೆಯ ಕೆಲಸ ಅಂತ ಸುಮ್ನೆ ಹೇಳುತ್ತಿದ್ದಾನೆ, ಅಷ್ಟೇ.

ಅವನ ಗೆಳೆಯ ಟಾಮ್ ಡೇಕರ್‌ನ ಕುರಿಮರಿ ಬೆನ್ನಿನಂಥ ಗುಂಗುರು ಕೂದಲು ಬೋಳಿಸಿದಾಗ, ಇನ್ನು ನಿನ್ನ ಬಿಳಿ ಕೂದಲಿಗೆ ಮಸಿ ತಾಗಲ್ಲ ಬಿಡು ಅಂತ ಸಮಾಧಾನ ಹೇಳುತ್ತಾನೆ. ಎಲ್ಲರೂ ತಮ್ಮ ಕೆಲಸ ಮಾಡಿದರೆ ಯಾವ ಕೇಡಿಗೂ ಹೆದರಬೇಕಿಲ್ಲ ಅನ್ನುವುದು ಕೊನೆಯ ಸಾಲು. ಅದನ್ನು ಕುಹಕದ ದನಿಯಲ್ಲಿ ಬರೆದು ನೋಡಿದೆ, ಪದ್ಯವೇ ಸತ್ತುಹೋಯಿತು. ಅವನು ಅದನ್ನು ಪೂರ್ತಿ ನಂಬಿದ್ದಾನೆ. ನಾನೂ ನಂಬಿಯೇ ಬರೆಯಬೇಕಾಯಿತು.

ಎರಡನೆಯದು ಒಂದೇ ಸಂಜೆಯಲ್ಲಿ ಮುಗಿಯಿತು. ಹಿಮದಲ್ಲಿ ಕರ್ರಗೆ ಒಂದು ಪುಟ್ಟ ಜೀವ. ಆ ಹುಡುಗನಿಗೆ ಎಲ್ಲವೂ ಗೊತ್ತು, ನಾನು ಏನನ್ನೂ ಬಚ್ಚಿಡಬೇಕಿರಲಿಲ್ಲ.

“ಎಲ್ಲೋ ನಿನ್ನ ಅಪ್ಪ ಅಮ್ಮ?”

“ಚರ್ಚಿಗೆ ಹೋಗಿದ್ದಾರೆ, ಪ್ರಾರ್ಥನೆ ಮಾಡೋಕೆ.”